ಎಡಗಡೆಯ ಹುಲ್ಲು

ಮಾರ್ಚ್ 4, ಮಂಗಳವಾರ

ಕಚೇರಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ಕೊಡವಿ ತೆಗೆದೆ. ಮೊದಲೆಲ್ಲ ದಿನದ ಗೊಣಗಾಟವನ್ನು ಅಕ್ಕನ ಮುಂದೆ ಸುರಿದು ಹಗುರಾಗುತ್ತಿದ್ದೆ. ಈಗ ಗೊಣಗಬೇಕಾಗಿರುವುದೇ ಅಕ್ಕನ ವಿಷಯ, ಅವಳ ಮುಂದೆ ಹೇಗೆ ಗೊಣಗಲಿ? ಬರೆದಿಟ್ಟರೆ ಅವಳು ಓದಿಯಾಳು ಎಂಬ ಭಯವೂ ಇಲ್ಲ. ಈ ಸಾಲು ಬರೆದ ಮೇಲೆ ನನಗೇ ಥೂ ಅನ್ನಿಸಿತು. ಆದರೂ ಹೊಡೆದುಹಾಕುವುದಿಲ್ಲ.

ನಮ್ಮ ಗಲ್ಲಿಯ ಹಿಂಬದಿಯಿಂದ ಶುರುವಾಗಿ ಕಾಲುವೆಯ ಪಕ್ಕದಲ್ಲೇ ದೂರದ ಸೇತುವೆಯವರೆಗೆ ಹೋಗುವ ನಡಿಗೆಯ ದಾರಿ, ಅದರ ಎರಡೂ ಬದಿಯ ಹುಲ್ಲು, ಇದು ನನ್ನ ಪಾಲಿನ ಕೆಲಸ. ದಾರಿಗೆ ಕಲ್ಲುಪುಡಿ ಹಾಕಿ ರೋಲರ್ ಓಡಿಸಿದ್ದಾರೆ. ಬದಿಯ ಹುಲ್ಲು ಹಿಡಿದುಕೊಂಡಿರದಿದ್ದರೆ ಒಂದೇ ಮಳೆಗೆ ಅರ್ಧ ದಾರಿ ಕಾಲುವೆಯ ಪಾಲು. ದಾರಿ ಚೆನ್ನಾಗಿದೆ ಅನ್ನುವವರಿದ್ದಾರೆ, ಹುಲ್ಲು ಚೆನ್ನಾಗಿದೆ ಅಂದವರನ್ನು ನಾನು ಕಂಡಿಲ್ಲ. ಅದೇ ಒಣಗಲಿ, ಆಗ ನಡೆಯುವವರೆಲ್ಲ ಹುಲ್ಲಿನ ಪಂಡಿತರೇ.

ಬಿಸಿಲು ಏರುತ್ತಿದೆ. ಇಡೀ ದಿನ ಹುಲ್ಲು ಕೊಯ್ಯುವ ಮಿಷನ್ ಹೆಗಲಿಗೆ ತೂಗಿಹಾಕಿಕೊಂಡು ಮನೆಗೆ ಬಂದರೆ ಕೈ ನಡುಗುವುದು ನಿಲ್ಲುವುದಿಲ್ಲ. ಲೋಟ ಹಿಡಿದರೆ ಚಹಾ ತಾನೇ ಕಲಕಿಕೊಳ್ಳುತ್ತದೆ. ಅಕ್ಕ ತನ್ನ ಹೊಲಿಗೆ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ, ನಾನು ಬೆಳಿಗ್ಗೆ ಕೂರಿಸಿ ಹೋದಲ್ಲೇ ಕೂತಿದ್ದಳು. ಮಿಷನ್ನಿಗೆ ಬಟ್ಟೆ ಹೊದಿಸಿ ತಿಂಗಳುಗಳಾದವು. ಅರ್ಧ ಊರಿನ ಅಂಗಿಗಳಿಗೆ ಅಂಚು ಮಡಿಚಿ ಹೊಲಿದವಳು. ಕಣ್ಣಿನ ನರ ಒಣಗಿದೆ, ಇನ್ನು ಚಿಗುರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳು ಅಳಲಿಲ್ಲ. ನಾನು ಆಸ್ಪತ್ರೆಯ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಭಾವ ಹೋದ ಮೇಲೆ ನಾನೂ ಅವಳೂ ಇದೇ ಮನೆಯಲ್ಲಿ. ಮದುವೆ ಎಂಬುದು ನನ್ನ ಮನೆಬಾಗಿಲಿಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಇಷ್ಟು ದಿನ ಅವಳು ಅಡಿಗೆ ಮಾಡಿ ಬಯ್ಯುತ್ತಿದ್ದಳು, ನಾನು ತಿಂದು ಬಯ್ಯಿಸಿಕೊಳ್ಳುತ್ತಿದ್ದೆ. ಈಗ ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ನನ್ನದು. ಬಯ್ಯುವುದು ಮಾತ್ರ ಇನ್ನೂ ಅವಳದೇ.

ಮಾರ್ಚ್ 7, ಶುಕ್ರವಾರ

ತಂಗಿ ಫೋನು ಮಾಡಿದ್ದಳು. ದೂರದ ಪಟ್ಟಣದಲ್ಲಿ ಗಂಡ ಮಕ್ಕಳ ಜೊತೆ ಇದ್ದಾಳೆ. ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಮೂರನೇ ಮಹಡಿ, ಆದರೆ ಒಂದು ಕೋಣೆ ಖಾಲಿ ಇದೆಯಂತೆ. ಹಗಲೆಲ್ಲ ಅಕ್ಕನನ್ನು ಒಬ್ಬಳನ್ನೇ ಬಿಟ್ಟು ಹೋಗುತ್ತೀಯಲ್ಲ, ಗ್ಯಾಸ್ ಹತ್ತಿಕೊಂಡರೆ, ಜಾರಿ ಬಿದ್ದರೆ ಯಾರು ನೋಡುವವರು ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪಿಲ್ಲ.

ಅಕ್ಕ ಫೋನು ಇಸಿದುಕೊಂಡು ಬಹಳ ಹೊತ್ತು ಮಾತಾಡಿದಳು. ಅವಳು ಈ ಮನೆ ಬಿಟ್ಟು ಹೋಗಲು ಒಲ್ಲೆ ಎಂದಳು. ಇಲ್ಲಿಯ ಗೋಡೆಗಳು ಎಲ್ಲೆಲ್ಲಿವೆ ಎಂದು ಗೊತ್ತು, ಅಲ್ಲಿ ಹೋದರೆ ಗೋಡೆಗಳನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು ಎಂದಳು. ಹಗ್ಗ ಜಗ್ಗಾಡಿ ಕೊನೆಗೆ ಒಂದು ಕರಾರಿಗೆ ಬಂದರು. ಏಪ್ರಿಲ್ ಇಪ್ಪತ್ತರ ಭಾನುವಾರ ತಂಗಿ ಬರುತ್ತಾಳೆ. ಅಷ್ಟರಲ್ಲಿ ಅಕ್ಕ ಯಾರ ಕೈಯನ್ನೂ ಹಿಡಿಯದೆ ಹೊರಗೆ ಹೋಗಿ ಬರುವ ಹಾಗಾಗಿದ್ದರೆ ಇಲ್ಲೇ ಇರಬಹುದು. ಇಲ್ಲವಾದರೆ ಪೆಟ್ಟಿಗೆ ಕಟ್ಟಬೇಕು.

ಸತ್ಯ ಬರೆಯುತ್ತೇನೆ. ಫೋನು ಇಟ್ಟ ಮೇಲೆ ಹೆಗಲ ಮೇಲಿನ ಮಿಷನ್ ಇಳಿಸಿದ ಹಾಗಾಯಿತು. ಅಕ್ಕ ಹೋಗಲಿ ಅನ್ನಿಸಿತು. ಬೆಳಿಗ್ಗೆ ಎದ್ದು ನನ್ನ ಪಾಡಿಗೆ ಒಂದು ಲೋಟ ಚಹಾ ಕುಡಿದು ಕೆಲಸಕ್ಕೆ ಹೋಗುವುದು ಹೇಗಿರುತ್ತದೆ ಎಂದು ಯೋಚಿಸುತ್ತಾ ಕೂತೆ.

ಮಾರ್ಚ್ 9, ಭಾನುವಾರ

ಕಣ್ಣಾಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಕೆಲಸವಂತೆ. ಅಕ್ಕ ಆಗಲೇ ಅವಳಿಗೆ ಕೋಲು ಮೇಡಂ ಎಂದು ಹೆಸರಿಟ್ಟಾಗಿದೆ. ಇನ್ನು ಮುಂದೆ ವಾರದ ಮಧ್ಯೆ ಹಗಲಲ್ಲೇ ಬಂದು ಹೋಗುತ್ತಾಳಂತೆ.

ಅವಳು ಹೋದ ಮೇಲೆ ನಾನೇ ಅಕ್ಕನನ್ನು ಗಲ್ಲಿಯಲ್ಲಿ ನಡೆಸಿದೆ. ಕೋಲು ನೆಲಕ್ಕೆ ಅಡ್ಡಡ್ಡ ಆಡಿಸುತ್ತಾ ಹೋಗುತ್ತಿದ್ದಳು. ಚರಂಡಿಯ ಹತ್ತಿರ ಬಂದಾಗ ನನ್ನ ಜೀವ ಬಾಯಿಗೆ ಬಂತು. ಕೋಲು ಕಿತ್ತುಕೊಂಡು ರಟ್ಟೆ ಹಿಡಿದೆ. ಮೆಟ್ಟಿಲು, ಕಲ್ಲು, ಗುಂಡಿ ಎಂದು ಒಂದೊಂದನ್ನೂ ಕೂಗಿ ಹೇಳುತ್ತಾ ವಾಪಸು ಕರೆತಂದೆ.

ಮನೆಗೆ ಬಂದ ಮೇಲೆ ರಟ್ಟೆ ಉಜ್ಜಿಕೊಳ್ಳುತ್ತಾ ಅಕ್ಕ ಹೇಳಿದಳು: "ಎಮ್ಮೆ ಹೊಡ್ಕೊಂಡು ಬರೋರೂ ಇಷ್ಟು ಕೂಗಲ್ಲ ಕಣೋ."

ಕೋಲನ್ನು ಮಡಿಚಿ ಬಾಗಿಲ ಹಿಂದೆ ಇಟ್ಟೆ. ಇನ್ನು ಅದು ಅಲ್ಲಿಂದ ಏಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಮಾರ್ಚ್ 18, ಮಂಗಳವಾರ

ಬರೆಯದೆ ವಾರ ದಾಟಿತು. ಮಧ್ಯದ ತಿರುವಿನಲ್ಲಿ ಹುಲ್ಲಿಗೆ ಬೇರು ತಿನ್ನುವ ಹುಳ ಬಿದ್ದಿತ್ತು. ಹಿಡಿದು ಎಳೆದರೆ ಹುಲ್ಲು ಚಾಪೆಯ ಹಾಗೆ ಎದ್ದು ಬರುತ್ತಿತ್ತು. ನಾನೂ ಗಡ್ಡನೂ ಅಗೆದು, ಸುಣ್ಣದ ಹುಡಿ ಬೆರೆಸಿದ ಮಣ್ಣು ತುಂಬಿ, ಕಾಲುವೆಯಿಂದ ನೀರು ಹೊತ್ತು ಸಾಕಾಯಿತು. ಗಡ್ಡ ನನ್ನ ಜೊತೆಗಾರ. ಕೆಲಸಕ್ಕಿಂತ ಮಾತು ಹೆಚ್ಚು, ಆದರೂ ಮಾತಿನ ಮಧ್ಯೆ ಅಷ್ಟಿಷ್ಟು ಕೆಲಸವೂ ಆಗುತ್ತದೆ.

ಮನೆಯೊಳಗೆಲ್ಲ ಹುಲ್ಲಿನ ಚೂರು. ಬಾಗಿಲಲ್ಲಿ, ಅಡಿಗೆಮನೆಯಲ್ಲಿ, ಅಕ್ಕನ ಚಪ್ಪಲಿಯ ಅಡಿಯಲ್ಲೂ. ನಾನು ಹೊರಗೇ ಬಟ್ಟೆ ಕೊಡವಿ ಬರಬೇಕು, ದಣಿವಿನಲ್ಲಿ ಮರೆಯುತ್ತೇನೆ. ಕಸ ಗುಡಿಸುವವನೂ ನಾನೇ ಎಂಬುದು ಆಮೇಲೆ ನೆನಪಾಗುತ್ತದೆ.

ಅಕ್ಕ ಈಗ ದಿನಾ ರಾತ್ರಿ ಊಟಕ್ಕೆ ಕೂತಾಗ ನಾಳೆ ಎಲ್ಲಿ ಕೆಲಸ ಎಂದು ಕೇಳುತ್ತಾಳೆ. ಸೇತುವೆ ಕಡೆಯಾ, ಮಧ್ಯದ ತಿರುವಾ, ನಮ್ಮ ಗಲ್ಲಿ ಕಡೆಯಾ? ಇಷ್ಟು ವರ್ಷ ನನ್ನ ಹುಲ್ಲಿನ ಸುದ್ದಿ ಎತ್ತಿದರೆ ಆಕಳಿಸುತ್ತಿದ್ದವಳು. ಪಾಪ, ಒಬ್ಬಳೇ ಕೂತು ಬೇಸರ, ಏನೋ ಒಂದು ಮಾತು ಬೇಕು. ಅದಕ್ಕೂ ಉತ್ತರ ಕೊಡಲು ನನಗೆ ಶಕ್ತಿ ಇರುವುದಿಲ್ಲ. ಸೇತುವೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ.

ಮಾರ್ಚ್ 22, ಶನಿವಾರ

ಸಾಕಾಗಿದೆ. ಇಷ್ಟೇ.

ಮಾರ್ಚ್ 27, ಗುರುವಾರ

ಮೇಲ್ವಿಚಾರಕರು ಬಂದಿದ್ದರು. ಸೊಂಟದ ಬೆಲ್ಟಿನಲ್ಲಿ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುವುದರಿಂದ ನಾವು ಅವರನ್ನು ಟೇಪು ಎನ್ನುತ್ತೇವೆ, ಅವರ ಬೆನ್ನ ಹಿಂದೆ. ಏಪ್ರಿಲ್ ಐದಕ್ಕೆ ಮೇಲಿನವರ ತಪಾಸಣೆ. ನಕ್ಷೆಯಲ್ಲಿ ದಾರಿ ಎಷ್ಟು ಅಗಲ ಇದೆಯೋ ಅಷ್ಟು ಇರಬೇಕು, ಎರಡೂ ಬದಿಯಿಂದ ಹುಲ್ಲು ಒಳಗೆ ನುಗ್ಗಿದೆ ಎಂದು ಟೇಪು ಎಳೆದು ತೋರಿಸಿದರು. ಅಂಚಿನಲ್ಲಿ ಒಂದೊಂದು ಗೇಣು ಕೆತ್ತಿ ತೆಗೆದು ಕಲ್ಲುಪುಡಿ ಹಾಕಬೇಕು. ಉಳಿದ ಹುಲ್ಲನ್ನು ನೆಲಕ್ಕೆ ಅಂಟುವ ಹಾಗೆ ಕೊಯ್ಯಬೇಕು. ಬಂದವರು ನಿಲ್ಲಲು ನಮ್ಮ ಗಲ್ಲಿ ಕಡೆಯ ತಿರುವಿನಲ್ಲಿ ಹುಲ್ಲನ್ನೇ ತೆಗೆದು ಸಮತಟ್ಟು ಮಾಡಬೇಕು.

ಇಂಥ ಬಿಸಿಲಲ್ಲಿ ಬೋಳಿಸಿದರೆ ಹುಲ್ಲು ಸುಟ್ಟುಹೋಗುತ್ತದೆ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲಕ್ಕೆ ಕೊಯ್ಯಬಾರದು ಎಂದೆ. ಅವರಿಗೂ ಅದು ಗೊತ್ತಿತ್ತು. ನನಗೂ ಗೊತ್ತು ಮಾರಾಯ, ಆದರೆ ಮೇಲಿನಿಂದ ಬಂದದ್ದು, ಅವತ್ತಿನ ಮಟ್ಟಿಗೆ ದಾರಿಗೆ ಒಂದು ಕಳೆ ಬರಬೇಕು ಎಂದರು.

"ಕಳೆ ಬರಬೇಕಾದರೆ ನಾವು ಸುಮ್ಮನೆ ಬಿಟ್ಟರೆ ಸಾಕು ಸಾರ್, ತಾನೇ ಬರುತ್ತೆ," ಎಂದ ಗಡ್ಡ.

ಟೇಪು ಕೂಡ ನಕ್ಕರು. ನಾನು ನಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ. ವಾದ ಮಾಡುವಷ್ಟು ತ್ರಾಣ ಇರಲಿಲ್ಲ. ಬಡವನ ಕೋಪ ದವಡೆಗೆ ಮೂಲ. ಆಯ್ತು ಸಾರ್ ಎಂದೆ.

ಏಪ್ರಿಲ್ 1, ಮಂಗಳವಾರ

ಸೇತುವೆಯ ಕಡೆಯಿಂದ ಕೆತ್ತುತ್ತಾ ಬರುತ್ತಿದ್ದೇವೆ. ನಾನೇ ಬೆಳೆಸಿದ್ದನ್ನು ನಾನೇ ಕೆತ್ತುವುದು. ಸಂಜೆ ಹೊತ್ತಿಗೆ ಕೈಯಲ್ಲಿ ಬೊಬ್ಬೆ.

ಒಂದು ವಿಚಿತ್ರ. ಇಡೀ ದಿನ ಕಳೆ ಕಿತ್ತು ಮನೆಗೆ ಬಂದರೆ ನನ್ನ ಮುಖದಲ್ಲಿ ಕಳೆ ಇರುವುದಿಲ್ಲ, ಕೂತಲ್ಲೇ ಕೂತಿರುವ ಅಕ್ಕನ ಮುಖದಲ್ಲಿ ಕಳೆ ಬಂದಿದೆ. ಕೆನ್ನೆಗೆ ಬಿಸಿಲು ಹತ್ತಿದ ಬಣ್ಣ. ಹಸಿವಾಗುತ್ತದೆ ಎಂದು ಎರಡನೇ ಸಲ ಬಡಿಸಿಕೊಂಡಳು. ಹಾಡು ಗುನುಗುತ್ತಾಳೆ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಾಳೋ ಏನೋ.

ತಂಗಿಯ ಮನೆಗೆ ಹೋಗುವುದಕ್ಕೆ ಮನಸ್ಸು ಒಗ್ಗಿಸಿಕೊಂಡಿರಬೇಕು. ಅದೇ ಸರಿ. ನಾನು ಬಯಸಿದ್ದೂ ಅದೇ ತಾನೆ. ಆದರೂ ಇಷ್ಟು ಬೇಗ ಅವಳು ಖುಷಿಯಾಗಿಬಿಟ್ಟದ್ದು ಕಂಡು ಬೇಸರವಾಯಿತು. ಇಷ್ಟು ದಿನ ಬೇಯಿಸಿ ಹಾಕಿದವನಿಗೆ ಒಂದು ಮಾತು ಹೇಳಬಹುದಿತ್ತು.

ಏಪ್ರಿಲ್ 4, ಶುಕ್ರವಾರ

ಇವತ್ತು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ನಿನ್ನೆ ರಾತ್ರಿ ಅಕ್ಕ ಕೇಳಿದಾಗ ನಾಳೆ ಸೇತುವೆಯ ಕಡೆ ಎಂದಿದ್ದೆ. ಬೆಳಿಗ್ಗೆ ಟೇಪು ಯೋಜನೆ ಬದಲಿಸಿದರು. ತಪಾಸಣೆಗೆ ಒಂದೇ ದಿನ ಉಳಿದಿದೆ, ಮೊದಲು ಗಲ್ಲಿ ಕಡೆಯ ತಿರುವು ಮುಗಿಸಿ ಎಂದರು. ಬೆಳಿಗ್ಗೆಯೇ ಶುರು ಮಾಡಿ ಆ ತಿರುವಿನಲ್ಲಿ ಮೊದಲು ಕಾಲುವೆಯ ಬದಿಯ ಹುಲ್ಲನ್ನು ಬೇರು ಸಮೇತ ಕೆತ್ತಿ, ಕಲ್ಲುಪುಡಿ ಹರಡಿ, ಕೈ ರೋಲರ್ ಎಳೆದೆವು. ದಾರಿ ಯಾವುದು ಬದಿ ಯಾವುದು ಗೊತ್ತಾಗದ ಹಾಗೆ ಒಂದೇ ಸಮ. ಅದರ ಆಚೆಗೆ ಕಾಲುವೆಯ ಇಳಿಜಾರು, ಅಲ್ಲಿ ಹೋದ ವಾರ ನಾನು ಹೊಸ ಬೀಜ ಹಾಕಿದ್ದೆ. ಆಮೇಲೆ ಗಡ್ಡನೂ ನಾನೂ ಮರದ ನೆರಳಿನಲ್ಲಿ ಕೂತು ಊಟ ಮುಗಿಸಿ ಹಿಂದಿರುಗುತ್ತಿದ್ದೆವು. ಇಳಿಜಾರಿನಲ್ಲಿ, ಸರಿಯಾಗಿ ನನ್ನ ಬೀಜದ ಮೇಲೆ, ಯಾರೋ ಕೂತಿದ್ದು ಕಂಡಿತು. ನನಗೆ ಪಿತ್ತ ನೆತ್ತಿಗೇರಿತು. ಹುಲ್ಲು ಹಾಕಿರೋದು ಕಾಣಲ್ವಾ, ಮೇಲೇಳಿ ಎಂದು ದೂರದಿಂದಲೇ ಕೂಗಿದೆ.

ಆ ಹೆಂಗಸು ತಲೆ ನನ್ನ ಕಡೆ ತಿರುಗಿಸಿದಳು. ಅಕ್ಕ.

"ಕೂತಿಲ್ಲ ಕಣೋ, ಬಿದ್ದಿದ್ದೀನಿ," ಎಂದಳು.

ಮಣಿಕಟ್ಟು ತರಚಿ ರಕ್ತ ಬಂದಿತ್ತು. ಕೋಲು ಕೆಳಗೆ ನೀರಿನ ಅಂಚಿನಲ್ಲಿ ಬಿದ್ದಿತ್ತು. ಎತ್ತ ಮೇಲು ಎತ್ತ ಕೆಳಗು ಎಂದು ತಿಳಿಯದೆ ಅಲುಗಾಡದೆ ಕೂತಿದ್ದಳಂತೆ. ಇನ್ನೆರಡು ಹೆಜ್ಜೆ ಆಚೆ ಹೋಗಿದ್ದರೆ ಕಾಲುವೆ. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಗಡ್ಡನ ಎದುರಿಗೇ ಕಿರುಚಿದೆ.

"ಯಾರನ್ನ ಕೇಳಿ ಬಂದೆ ಇಲ್ಲಿಗೆ?"

ಅಕ್ಕ ಸೆರಗಿನಿಂದ ರಕ್ತ ಒರೆಸಿಕೊಂಡಳು. ಅವಳ ದನಿ ಏರಲಿಲ್ಲ.

"ನೀನು ಯಾರನ್ನ ಕೇಳಿ ಹುಲ್ಲು ತೆಗೆದೆ?"

ನನಗೆ ಅರ್ಥವಾಗಲಿಲ್ಲ. ತಲೆಗೆ ಪೆಟ್ಟು ಬಿದ್ದಿದೆಯೇನೋ ಎಂದುಕೊಂಡೆ. ಮನೆಯವರೆಗೆ ಅವಳ ರಟ್ಟೆ ಹಿಡಿದುಕೊಂಡು ಬಂದೆ. ಮೆಟ್ಟಿಲು ಬಂದಾಗ ಮೆಟ್ಟಿಲು ಎಂದೆ, ಅಷ್ಟೇ.

ಏಪ್ರಿಲ್ 5, ಶನಿವಾರ

ತಿರುವಿನ ಮನೆಗಳ ಬದಿಯನ್ನು ಗಡ್ಡ ನಿನ್ನೆ ಸಂಜೆಯೇ ಒಬ್ಬನೇ ಕೆತ್ತಿ ಮುಗಿಸಿದ್ದ. ತಪಾಸಣೆಯವರು ಬಂದರು. ಕಾರಿನಿಂದ ಇಳಿದು, ತಿರುವಿನಲ್ಲಿ ನಿಂತು, ನೀರು ಕುಡಿದು ಹೋದರು. ದಾರಿ ಚೆನ್ನಾಗಿದೆ ಎಂದರು.

ಏಪ್ರಿಲ್ 6, ಭಾನುವಾರ

ಕೋಲು ಮೇಡಂ ಸುದ್ದಿ ತಿಳಿದು ಓಡಿಬಂದಳು. ನಾನು ಅವಳ ಮೇಲೆ ಹರಿಹಾಯಲು ಕಾದು ಕೂತಿದ್ದೆ. ಮೊದಲು ಅವಳೇ ಹೇಳತೊಡಗಿದಳು.

ಹೋದ ತಿಂಗಳಿಂದ ಅಕ್ಕ ಹಗಲು ಹೊತ್ತು ನನ್ನ ದಾರಿಯಲ್ಲಿ ನಡೆಯುತ್ತಿದ್ದಾಳೆ. ಮೊದಲು ಮೇಡಂ ಜೊತೆ, ಆಮೇಲೆ ಒಬ್ಬಳೇ. ಗಲ್ಲಿಯಲ್ಲಿ ನಡೆಯಲು ಭಯ, ಗಾಡಿಗಳು, ಚರಂಡಿ. ಈ ದಾರಿಯಲ್ಲಿ ಗಾಡಿ ಇಲ್ಲ. ಮುಖ್ಯವಾಗಿ ಎಡಗಡೆ ಹುಲ್ಲಿದೆ. ಕೋಲಿನ ತುದಿ ಕಲ್ಲುಪುಡಿಯ ಮೇಲೆ ಒಂದು ಥರ ಸದ್ದು ಮಾಡುತ್ತದೆ, ಹುಲ್ಲಿಗೆ ತಾಗಿದರೆ ಸುಮ್ಮನಾಗಿ ಸಿಕ್ಕಿಕೊಳ್ಳುತ್ತದೆ. ಆ ಅಂಚನ್ನೇ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಸದಾ ಎಡಗಡೆಯ ಹುಲ್ಲು, ಹೋಗುವಾಗಲೂ ಬರುವಾಗಲೂ. ಮೊನ್ನೆ ಕಾಲುವೆ ಬಲಗಡೆ ಬಿಟ್ಟುಕೊಂಡು ಹೋಗಿ, ತಿರುಗಿ ಬರುವಾಗ ಅದು ಎಡಗಡೆ ಇತ್ತು. ಇದ್ದಕ್ಕಿದ್ದ ಹಾಗೆ ಹುಲ್ಲು ಸಿಗಲಿಲ್ಲ. ಇನ್ನೂ ಎಡಕ್ಕಿರಬೇಕು, ಇನ್ನೂ ಎಡಕ್ಕಿರಬೇಕು ಎಂದು ಹುಡುಕುತ್ತಾ ಹೋಗಿ ಬಿದ್ದಿದ್ದಾಳೆ.

ಊರಿನ ದಾರಿಗಳಲ್ಲೆಲ್ಲ ಇಷ್ಟು ಒಳ್ಳೆಯ ಅಂಚು ಎಲ್ಲೂ ಇಲ್ಲ ಎಂದು ತಾನೇ ಆರಿಸಿದ್ದಾಗಿ ಮೇಡಂ ಹೇಳಿದಳು. ಅದನ್ನು ಬೆಳೆಸಿದವನು ನಾನು ಎಂದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಹೇಳಿರಲಿಲ್ಲವಂತೆ. ನನಗೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನನಗೇ ಗೊತ್ತಿದೆ: ಕೆಲಸ ಬಿಟ್ಟು ಬಂದು ರಟ್ಟೆ ಹಿಡಿಯುತ್ತಿದ್ದೆ. ದಿನಾ ನಾಳೆ ಎಲ್ಲಿ ಕೆಲಸ ಎಂದು ಕೇಳುತ್ತಿದ್ದದ್ದು ನಾನಿಲ್ಲದ ಕಡೆ ನಡೆಯುವುದಕ್ಕೆ. ಮನೆಯಲ್ಲಿ ಬಿದ್ದಿದ್ದ ಹುಲ್ಲಿನ ಚೂರೆಲ್ಲ ನನ್ನ ಬಟ್ಟೆಯದಲ್ಲ.

ಏಪ್ರಿಲ್ 8, ಮಂಗಳವಾರ

ತಂಗಿಗೆ ಬಿದ್ದ ಸುದ್ದಿ ಹೋಗಿದೆ. ಇನ್ನು ಕರಾರು ಗಿರಾರು ಏನೂ ಬೇಡ, ಇಪ್ಪತ್ತಕ್ಕೆ ಕರೆದುಕೊಂಡು ಹೋಗುವುದೇ ಎಂದಳು. ಅಕ್ಕ ಆಗಲಿ ಎಂದಳಂತೆ. ಬಿದ್ದ ದಿನದಿಂದ ಬಾಗಿಲ ಹೊರಗೆ ಕಾಲಿಟ್ಟಿಲ್ಲ. ಕುರ್ಚಿಯಲ್ಲಿ ಕೂತು ಹೊಲಿಗೆ ಮಿಷನ್ನಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಿರುತ್ತಾಳೆ. ಎಡಗಡೆಯ ಮಣ್ಣಿನ ಮಟ್ಟ ನೋಡಬೇಕು. ನಾಳೆ ಬೇಗ ಹೋಗಬೇಕು.

ಏಪ್ರಿಲ್ 10, ಗುರುವಾರ

ಬೋಳಿಸಿದ ಕಡೆಯೆಲ್ಲ ಹುಲ್ಲು ಹಳದಿಯಾಗಿದೆ. ಎಡಬದಿ ಬಲಬದಿ ಎಂದು ವಿಚಾರ ಮಾಡಿದರೆ ಎರಡೂ ಬೇಕು. ಒಂದೇ ಬದಿಯ ಹುಲ್ಲು ಉಳಿಸಿಕೊಂಡರೆ ಅವಳು ಹೋಗಬಹುದು, ಬರಲಾಗದು. ಅಥವಾ ಬರುವಾಗ ಕೋಲನ್ನು ಬಲಗೈಯಿಂದ ಬಲಗಡೆಗೆ ಆಡಿಸಬೇಕು. ಅದನ್ನು ಮೇಡಂಗೆ ಫೋನು ಮಾಡಿ ಕೇಳಿದೆ. ಕಲಿತರೆ ಆಗುತ್ತದೆ, ಆದರೆ ಅಕ್ಕ ಹೊರಗೆ ಬರಲು ಒಪ್ಪಬೇಕಲ್ಲ ಎಂದಳು.

ಮಿಷನ್ನಿನ ಬ್ಲೇಡನ್ನು ಎತ್ತರಕ್ಕೆ ಏರಿಸಿದೆ. ದಿನಾ ಚಿಮುಕಿಸುವುದನ್ನು ಬಿಟ್ಟು, ಬೇರಿನವರೆಗೂ ಇಳಿಯುವ ಹಾಗೆ ಒಂದೇ ಸಲ ನೀರು ಕೊಟ್ಟೆ. ಸುಟ್ಟ ಹುಲ್ಲಿನ ಬುಡದಲ್ಲಿ ಅಲ್ಲಲ್ಲಿ ಹಸಿರು ಇದೆ, ಸತ್ತಿಲ್ಲ. ತಿರುವಿನಲ್ಲಿ ಮಾತ್ರ ಏನೂ ಇಲ್ಲ. ಬೀಜ ಹಾಕಿದರೆ ಇಪ್ಪತ್ತರೊಳಗೆ ಬರುವುದಿಲ್ಲ. ನಮ್ಮ ಸಾಮಾನು ಶೆಡ್ಡಿನ ಹಿಂದೆ ಒಳ್ಳೆಯ ಹುಲ್ಲಿದೆ. ಮಣ್ಣಿನ ಹೆಂಟೆ ಸಮೇತ ಕೆತ್ತಿ ತಂದು ನೆಟ್ಟರೆ ಹಿಡಿದೀತು.

ಟೇಪು ಬಂದು ನೋಡಿ ಮತ್ತೆ ಅಗಲದ ಮಾತು ತೆಗೆದರು. ಈ ಸಲ ಆಯ್ತು ಸಾರ್ ಎನ್ನಲಿಲ್ಲ. ನಮ್ಮಕ್ಕ ಈ ಅಂಚು ಹಿಡಿದು ನಡೆಯುತ್ತಾಳೆ, ತೆಗೆಯಲಾರೆ ಎಂದೆ. ಅವರು ಸ್ವಲ್ಪ ಹೊತ್ತು ಟೇಪನ್ನು ಎಳೆಯುತ್ತಾ ಬಿಡುತ್ತಾ ನಿಂತರು. ಆಮೇಲೆ ಕಾಲುವೆಯ ಕಡೆಯದನ್ನು ಅಗಲಕ್ಕೆ ತಕ್ಕ ಹಾಗೆ ಇಡು, ಮನೆಗಳ ಕಡೆಯದನ್ನು ನಾನು ಅಳೆಯಲು ಹೋಗುವುದಿಲ್ಲ ಎಂದು ಹೇಳಿ ಹೋದರು. ಅರ್ಧ ಗೆದ್ದೆ. ಮನೆಗಳ ಕಡೆ, ಅಂದರೆ ಹೋಗುವಾಗ ಅವಳ ಎಡಗಡೆ.

ಏಪ್ರಿಲ್ 13, ಭಾನುವಾರ

ರಜೆ. ಆದರೂ ಗಡ್ಡನನ್ನು ಎಬ್ಬಿಸಿಕೊಂಡು ಹೋದೆ. ಇಬ್ಬರೂ ಹೆಂಟೆ ಹೊತ್ತು ತಿರುವಿನಲ್ಲಿ ಮನೆಗಳ ಬದಿಗೆ ಜೋಡಿಸಿದೆವು. ಇಡೀ ತಿರುವಿಗೆ ಸಾಲಲಿಲ್ಲ. ಮಧ್ಯೆ ಮಧ್ಯೆ ಬೋಳು, ಅಲ್ಲಿ ಬೀಜ ಚೆಲ್ಲಿದೆ. ಗಡ್ಡ ಇವತ್ತು ಹೆಚ್ಚು ಮಾತಾಡಲಿಲ್ಲ. ಅವನಿಗೂ ಅಕ್ಕ ಅಂಗಿ ಹೊಲಿದುಕೊಟ್ಟಿದ್ದಳಂತೆ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಎಲ್ಲಿ ಹುಲ್ಲು ಬದುಕಿದೆ, ಎಲ್ಲಿ ಸುಟ್ಟಿದೆ, ತಿರುವಿನಲ್ಲಿ ಎಲ್ಲಿ ಹೆಂಟೆ ಮುಗಿದು ಬೋಳು ಶುರುವಾಗುತ್ತದೆ ಎಂದು ಮೇಜಿನ ಮೇಲೆ ಅವಳ ಬೆರಳು ಎಳೆದು ತೋರಿಸಿದೆ.

"ತೇಪೆ ಹಾಕಿದ್ದೀಯ ಅನ್ನು," ಎಂದಳು.

ಹೌದು ಎಂದೆ.

"ತೇಪೆಯ ಅಂಚು ಒಳಗೆ ಮಡಿಚಿದ್ದೀಯಾ? ಇಲ್ಲಾಂದ್ರೆ ಬಿಟ್ಕೊಳ್ಳುತ್ತೆ."

ಬಿದ್ದ ದಿನದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ. ನಾನು ಮಡಿಚಿರಲಿಲ್ಲ. ಹೆಂಟೆಗಳ ಅಂಚು ಮೇಲೇ ನಿಂತಿದೆ, ಬಿಸಿಲಿಗೆ ಮೊದಲು ಒಣಗುವುದೇ ಅದು. ನಾಳೆ ಹೋಗಿ ಮಣ್ಣೊಳಗೆ ಒತ್ತಬೇಕು.

ಏಪ್ರಿಲ್ 16, ಬುಧವಾರ

ಒತ್ತಿದೆ. ನೀರು ಕೊಟ್ಟೆ. ಹಿಡಿದಿದೆ.

ಮೇಡಂ ಬಂದು ಹೋದಳಂತೆ. ಅವರಿಬ್ಬರೂ ಏನು ಮಾಡಿದರು ಎಂದು ಕೇಳಬೇಕೆನ್ನಿಸಿತು. ಅಕ್ಕ ನಾಳೆ ಎಲ್ಲಿ ಕೆಲಸ ಎಂದಳು. ಸೇತುವೆಯ ಕಡೆ ಎಂದೆ. ಟೇಪು ಯೋಜನೆ ಬದಲಿಸಿದರೂ ನಾನು ಸೇತುವೆಯ ಕಡೆಗೇ ಹೋಗುತ್ತೇನೆ.

ಏಪ್ರಿಲ್ 20, ಭಾನುವಾರ

ತಂಗಿ ಬೆಳಿಗ್ಗೆಯೇ ಬಂದಳು. ಬಂದವಳೇ ಅಕ್ಕನ ಮಣಿಕಟ್ಟಿನ ಗಾಯ ನೋಡಿ ಅತ್ತಳು, ನನ್ನನ್ನು ಬೈದಳು, ಅಕ್ಕನ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ತುಂಬತೊಡಗಿದಳು. ಅವಳಿಗೂ ಅಕ್ಕ ತಾಯಿಯ ಹಾಗೆಯೇ. ಅವಳು ಕೆಟ್ಟವಳಲ್ಲ.

ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲ ಹಿಂದಿನಿಂದ ಕೋಲು ತೆಗೆದಳು. ಪೆಟ್ಟಿಗೆ ತುಂಬುವುದು ಆಮೇಲೆ, ಮೊದಲು ಕರಾರು ಎಂದಳು. ಗಲ್ಲಿಯ ಹಿಂಬದಿಯಿಂದ ತಿರುವು ದಾಟಿ ಕಲ್ಲಿನ ಬೆಂಚಿನವರೆಗೆ ಹೋಗಿ ಬರುತ್ತೇನೆ, ಹಿಂದೆಯೇ ಬನ್ನಿ, ಆದರೆ ಬಾಯಿ ಬಿಡಬೇಡಿ ಎಂದಳು.

ನಾವಿಬ್ಬರೂ ಹಿಂದೆ ಹೋದೆವು. ಅವಳು ನಿಧಾನವಾಗಿ ಹೋಗುತ್ತಿದ್ದಳು, ಕೋಲು ಅಡ್ಡಡ್ಡ ಆಡುತ್ತಾ. ಕಲ್ಲುಪುಡಿಯ ಮೇಲೆ ಕರಕರ, ಹುಲ್ಲಿಗೆ ತಾಗಿ ಸುಮ್ಮನೆ. ಮತ್ತೆ ಕರಕರ, ಮತ್ತೆ ಸುಮ್ಮನೆ. ಇಷ್ಟು ವರ್ಷ ಈ ದಾರಿಯಲ್ಲಿದ್ದೂ ಈ ಸದ್ದು ನಾನು ಕೇಳಿರಲಿಲ್ಲ.

ತಿರುವು ಬಂತು. ತೇಪೆ ಹಾಕಿದ ಹುಲ್ಲು ಸಿಕ್ಕಿತು, ಆಮೇಲೆ ಬೋಳು ಬಂತು. ಕೋಲು ಕರಕರ ಎಂದಿತು, ಸುಮ್ಮನಾಗಲಿಲ್ಲ. ಇನ್ನೂ ಎಡಕ್ಕೆ ಚಾಚಿದಳು, ಅಲ್ಲೂ ಕರಕರ. ಅಕ್ಕ ನಿಂತುಬಿಟ್ಟಳು. ಒಂದು ಹೆಜ್ಜೆ ಬಲಕ್ಕೆ ವಾಲಿದಳು, ಕಾಲುವೆಯ ಕಡೆಗೆ.

ತಂಗಿ "ಅಯ್ಯೋ" ಎಂದು ಓಡಲು ಹೋದಳು. ನಾನು ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ನನ್ನ ಕಾಲುಗಳೂ ಓಡಲು ನೋಡುತ್ತಿದ್ದವು. ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿದೆ. ತಂಗಿಯ ಮಣಿಕಟ್ಟು ನಾನು ಹಿಡಿದ ಕಡೆ ಕೆಂಪಾಯಿತು. ಆಮೇಲೆ ತೋರಿಸಿ ಬೈದಳು.

ಅಕ್ಕ ಅಲ್ಲೇ ನಿಂತು ಕಾಲನ್ನು ನೆಲದ ಮೇಲೆ ಸವರಿದಳು. ಹಿಂದಕ್ಕೆ ಒಂದು ಹೆಜ್ಜೆ ಹೋಗಿ ಕೊನೆಯ ಹೆಂಟೆಯನ್ನು ಮತ್ತೆ ಹುಡುಕಿ, ಅದಕ್ಕೆ ಹಿಮ್ಮಡಿ ಒತ್ತಿ ಮುಖದ ದಿಕ್ಕು ಸರಿಮಾಡಿಕೊಂಡಳು. ಆಮೇಲೆ ನೇರ ನಡೆದಳು, ಕರಕರ, ಕರಕರ, ಕರಕರ. ಸುಮ್ಮನೆ. ಆಚೆಯ ಹೆಂಟೆ ಸಿಕ್ಕಿತ್ತು. ಅಲ್ಲಿಂದ ಬೆಂಚಿನವರೆಗೆ ಅವಳು ಎಲ್ಲೂ ನಿಲ್ಲಲಿಲ್ಲ. ಬರುವಾಗ ಕೋಲನ್ನು ಬಲಗೈಗೆ ಬದಲಿಸಿಕೊಂಡು ಅದೇ ಅಂಚನ್ನು ಹಿಡಿದು ಬಂದಳು.

ತಂಗಿ ಮನೆಗೆ ಬಂದು ಪೆಟ್ಟಿಗೆಯಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಇಟ್ಟಳು. ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು. ಹೊರಡುವಾಗ ಅಕ್ಕನನ್ನು ಚೆನ್ನಾಗಿ ನೋಡಿಕೊ ಎಂದು ನನಗೆ ಹೇಳಿದಳು. ಅಣ್ಣನನ್ನು ಚೆನ್ನಾಗಿ ನೋಡಿಕೊ ಎಂದು ಅಕ್ಕನಿಗೂ ಹೇಳಿದಳು, ಅದು ಯಾಕೆ ಎಂದು ಗೊತ್ತಾಗಲಿಲ್ಲ.

ಏಪ್ರಿಲ್ 25, ಶುಕ್ರವಾರ

ಬೋಳು ಜಾಗದಲ್ಲಿ ಬೀಜ ಮೊಳೆತಿದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ನೆಲಕ್ಕೆ ಕೆನ್ನೆ ಹಚ್ಚಿ ನೋಡಬೇಕು. ಗಡ್ಡ ನನ್ನನ್ನು ನೋಡಿ ನೆಲ ಏನು ಗುಟ್ಟು ಹೇಳಿತು ಎಂದು ಕೇಳಿದ.

ಸಂಜೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ನನ್ನ ಹತ್ತಿರ ಕೀ ಇಲ್ಲ. ನಾನು ಬರುವ ಹೊತ್ತಿಗೆ ಅಕ್ಕ ಸದಾ ಒಳಗೇ ಇರುತ್ತಿದ್ದರಿಂದ ಬೇಕಾಗಿರಲೇ ಇಲ್ಲ. ಎಲ್ಲಿಗೆ ಹೋದಳೋ, ಎಷ್ಟು ಹೊತ್ತಿಗೆ ಬರುತ್ತಾಳೋ. ಪಕ್ಕದ ಮನೆಯಲ್ಲಿ ಕೇಳೋಣ ಎಂದುಕೊಂಡೆ, ಏಳಲು ಸೋಮಾರಿತನವಾಯಿತು. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಗೋಡೆಗೆ ಒರಗಿದೆ. ಬಿಸಿಲು ಇಳಿದು ಗಾಳಿ ತಂಪಾಗಿತ್ತು. ಯಾವಾಗ ಕಣ್ಣು ಹತ್ತಿತೋ ತಿಳಿಯದು. ಇಷ್ಟು ಗಾಢವಾದ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ.

ಮೊಣಕಾಲಿಗೆ ಏನೋ ತಟ್ಟಿದಂತಾಗಿ ಎಚ್ಚರವಾಯಿತು. ಕೋಲು. ಅಕ್ಕ ನಿಂತಿದ್ದಳು, ಇನ್ನೊಂದು ಕೈಯಲ್ಲಿ ಚೀಲ, ಚೀಲದಲ್ಲಿ ಬ್ರೆಡ್ಡು, ನೂಲಿನ ಉಂಡೆ.

"ಯಾರಿದು, ದಾರಿಗೆ ಅಡ್ಡ ಬಿದ್ದಿರೋದು?"

ನಾನು ಎಂದೆ.

"ಪಕ್ಕಕ್ಕೆ ಸರಿ, ದಾರಿ ಬಿಡು," ಎಂದಳು.

ಸರಿದು ಕೂತೆ. ಬೀಗದ ಕಿಂಡಿಯನ್ನು ಬೆರಳಲ್ಲಿ ಹುಡುಕಿ ಅವಳೇ ಬಾಗಿಲು ತೆಗೆದಳು.